ಸಿಯೋಲ್ ವಿಮಾನ ಬಾರದ ಕಾರಣ

ಫರ್ಗಾನಾ ಕಣಿವೆಯ ನಮ್ಮ ಪಟ್ಟಣದಲ್ಲಿ ಹೊರದೇಶಕ್ಕೆ ಹೋದವರ ಲೆಕ್ಕವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದೃಷ್ಟಿ ತಾಗುತ್ತದೆಂಬುದು ಹೆಂಗಸರ ಕಾರಣ. ತೆರಿಗೆಯವರ ಕಿವಿಗೆ ಬೀಳುತ್ತದೆಂಬುದು ಗಂಡಸರ ಕಾರಣ. ಕಾರಣ ಎರಡಾದರೂ ಉತ್ತರ ಒಂದೇ. ಮಗ ಎಲ್ಲಿದ್ದಾನೆಂದು ಕೇಳಿದರೆ ‘ಇಲ್ಲೇ ಎಲ್ಲೋ’ ಎನ್ನುತ್ತೇವೆ.

ಏಪ್ರಿಲ್ ತಿಂಗಳಲ್ಲಿ ವೆರಾ ತ್ಸೊಯ್ ಎಂಬ ತರುಣಿ ನಮ್ಮ ಕೇರಿಯ ಚಹಾದಂಗಡಿಗೆ ಬಂದಳು. ತಾನು ವಿಮಾನ ಕಂಪನಿಯವಳೆಂದೂ, ಇಲ್ಲಿಂದ ಸಿಯೋಲ್‌ಗೆ ನೇರ ವಿಮಾನ ಬಿಡಬಹುದೇ ಎಂದು ತಿಳಿಯಲು ಬಂದಿರುವೆನೆಂದೂ ಹೇಳಿದಳು. ಎಷ್ಟು ಜನ ಕೊರಿಯಾದಲ್ಲಿದ್ದಾರೆ, ಯಾವ ತಿಂಗಳಲ್ಲಿ ಊರಿಗೆ ಬರುತ್ತಾರೆ, ಇಷ್ಟೇ ಅವಳ ಪ್ರಶ್ನೆ. ಜಗಲಿಯ ಮೇಲಿದ್ದವರೆಲ್ಲ ಮೊದಲು ತಮ್ಮ ಬಟ್ಟಲೊಳಗೆ ನೋಡಿದರು, ಅನಂತರ ಕೇರಿಯ ಹಿರಿಯನಾದ ಅಬ್ದುಮುತಾಲನ ಮುಖ ನೋಡಿದರು.

“ಕೊರಿಯಾನಾ? ನಮ್ಮ ಕೇರಿಯಿಂದ ಯಾರೂ ಹೋಗಿಲ್ಲಮ್ಮ. ನಾವು ತೋಟದ ಜನ,” ಎಂದ ಅಬ್ದುಮುತಾಲ್.

“ಒಬ್ರೂ ಇಲ್ವಾ ಹಿರಿಯರೇ? ಬೀದೀಲಿ ಸಾಲಾಗಿ ಮನೆಗಳಿಗೆ ಹೊಸ ಚಾವಣಿ ಬಂದಿದೆ, ನೋಡ್ಕೊಂಡೇ ಬಂದೆ.”

“ಏಪ್ರಿಕಾಟ್ ಚೆನ್ನಾಗಿ ಬಂತು.”

“ಹೆಸರು ಬೇಡ. ಎಷ್ಟು ಜನ ಅಂದ್ರೆ ಸಾಕು.”

“ಸೊನ್ನೆ ಅಂತ ಬರ್ಕೋ. ಚಹಾ ಕುಡಿ, ಆರ್ತಿದೆ.”

ಅವಳು ಚಹಾ ಕುಡಿದು, ಎದೆಯ ಮೇಲೆ ಕೈಯಿಟ್ಟು ವಂದಿಸಿ ಹೊರಟುಹೋದಳು.

“ನಿಜವಾಗ್ಲೂ ವಿಮಾನದೋಳೇ ಆಗಿದ್ರೆ?” ಎಂದು ಯಾರೋ ಕೇಳಿದರು.

“ಆಗಿದ್ರೆ ಏನೀಗ? ವಿಮಾನ ಎಲ್ಲಿಗೆ ಹಾರ್ಬೇಕು ಅನ್ನೋದನ್ನ ರಾಜಧಾನೀಲಿ ದೊಡ್ಡೋರು ಆಗಲೇ ಮಾತಾಡ್ಕೊಂಡಿರ್ತಾರೆ ಮಾರಾಯ. ನಿನ್ನ ಕೇಳಿ ಹಾರಿಸ್ತಾರಾ? ಇವರು ಕೇಳೋದೆಲ್ಲ ಕಿತ್ಕೊಳ್ಳೋಕೆ.”

ಉತ್ತರದಿಂದ ನಷ್ಟವುಂಟು, ಲಾಭವಿಲ್ಲ. ಇದು ಅಬ್ದುಮುತಾಲನ ಲೆಕ್ಕ. ಕೂಡಿದ ಕ್ರಮದಲ್ಲಿ ದೋಷವಿರಲಿಲ್ಲ. ಹಿಡಿದ ಮೊದಲ ಸಂಖ್ಯೆಯೇ ತಪ್ಪಾಗಿತ್ತು.

ಆ ವಿಮಾನ ಅವನಿಗೆ ಬೇಕಾಗಿದ್ದಷ್ಟು ಮತ್ತಾರಿಗೂ ಬೇಕಾಗಿರಲಿಲ್ಲ. ಅವನ ಮಗಳು ಮಶ್‌ಹುರಾ ಗಂಡನೊಡನೆ ಸಿಯೋಲ್ ಸಮೀಪದಲ್ಲಿದ್ದಳು. ನವೆಂಬರ್ ಕೊನೆಗೆ ಚೊಚ್ಚಲ ಹೆರಿಗೆ. ಹೆತ್ತ ಮೇಲಿನ ನಲವತ್ತು ದಿನ ಬಾಣಂತಿಯನ್ನೂ ಕೂಸನ್ನೂ ಒಂಟಿಯಾಗಿ ಬಿಡುವುದು ನಮ್ಮಲ್ಲಿಲ್ಲ, ತಾಯಿ ಹತ್ತಿರವಿರಬೇಕು. ಆದರೆ ತಾಯಿ ಹುರಿನಿಸೊ, ಘಟ್ಟದ ರಸ್ತೆಯಲ್ಲಿ ಕಾರು ಉರುಳಿ ತನ್ನ ತಂಗಿ ಸತ್ತ ಮೇಲೆ, ಆ ದಾರಿಯತ್ತ ಮುಖ ಹಾಕಿರಲಿಲ್ಲ. ಬೆಟ್ಟ ಕೊರೆದು ರೈಲು ತರುವ ಮಾತು ಆಗಿನ್ನೂ ಮಾತಾಗಿಯೇ ಇತ್ತು. ರಾಜಧಾನಿ ತಾಷ್ಕೆಂಟಿಗೆ ಹೋಗುತ್ತಿದ್ದ ಸಣ್ಣ ವಿಮಾನ ಹಿಂದಿನ ವರ್ಷ ನಿಂತುಹೋಗಿತ್ತು. ಸಿಯೋಲ್‌ಗೆ ಹಾರುವವರು ರಾಜಧಾನಿಗೇ ಹೋಗಬೇಕು, ಅದಕ್ಕೆ ಉಳಿದದ್ದು ಘಟ್ಟ ಒಂದೇ.

“ವಿಮಾನದ ಹುಡುಗಿ ಬಂದಿದ್ಳಂತೆ? ಮಶ್‌ಹುರಾ ವಿಷಯ ಹೇಳಿದ್ರಾ?” ಎಂದು ಹುರಿನಿಸೊ ಆ ಸಂಜೆ ಕೇಳಿದಳು. ಅವಳ ಮಡಿಲಲ್ಲಿ ಕೂಸಿಗೆಂದು ಹೊಲಿಯುತ್ತಿದ್ದ ರಜಾಯಿ ಇತ್ತು.

“ಹೇಳೋದೇನಿದೆ? ಬರೋದಾದ್ರೆ ಬಂದೇ ಬರುತ್ತೆ.”

ಜುಲೈನಲ್ಲಿ ಸುದ್ದಿ ಬಂತು. ಸಿಯೋಲ್ ವಿಮಾನ ಪರ್ವತದಾಚೆಯ ಇನ್ನೊಂದು ನಗರದಿಂದ ಹಾರಲಿತ್ತು. ಇದರ ಹಿಂದೆ ಯಾರದೋ ಕೈವಾಡವಿದೆಯೆಂದು ಕೇರಿ ತೀರ್ಮಾನಿಸಿತು. ಯಾರ ಕೈ ಎಂಬುದನ್ನು ಅಬ್ದುಮುತಾಲ್ ತೀರ್ಮಾನಿಸಿದ. ಘಟ್ಟದಾಚೆಗೆ ಬಾಡಿಗೆ ಕಾರು ಓಡಿಸುವ ತೊಲಿಬನನ್ನು ಕಾರು ನಿಲ್ದಾಣದಲ್ಲೇ ಹಿಡಿದು ನಿಲ್ಲಿಸಿದ.

“ತೊಲಿಬ್, ಎಷ್ಟು ಕೊಟ್ಟೆ ಅವರಿಗೆ?”

“ಯಾರಿಗಣ್ಣಾ?”

“ವಿಮಾನದೋರಿಗೆ. ವಿಮಾನ ಬಂದಿದ್ರೆ ನಿನ್ನ ಡಬ್ಬಾದಲ್ಲಿ ಯಾರು ಕೂರ್ತಿದ್ರು?”

“ವಿಮಾನ ತಡೆಯೋಷ್ಟು ದುಡ್ಡಿದ್ದಿದ್ರೆ ಮೊದಲು ಈ ಬಾಗಿಲಿಗೆ ಚಿಲಕ ಹಾಕಿಸ್ತಿದ್ದೆ. ಹಗ್ಗ ಕಟ್ಕೊಂಡು ಓಡಿಸ್ತಿದೀನಿ, ಕಾಣಲ್ವಾ?”

ಅಬ್ದುಮುತಾಲ್ ಹಗ್ಗವನ್ನು ನೋಡಿದ. ಅದನ್ನೂ ನಂಬಲಿಲ್ಲ.

ಮರುದಿನ ವಿಮಾನ ನಿಲ್ದಾಣಕ್ಕೆ ಹೋದ. ಕಂಪನಿಯವರು ಅಲ್ಲಿ ಬಾಡಿಗೆಗೆ ಹಿಡಿದಿದ್ದ ಕೋಣೆಯಲ್ಲಿ ವೆರಾ ಸಾಮಾನು ಕಟ್ಟುತ್ತಿದ್ದಳು.

“ನಮ್ಮ ವಿಮಾನಾನ ಯಾರು ತಿಂದ್ರಮ್ಮ? ಹೆಸರು ಹೇಳು, ಸಾಕು.”

“ಯಾರೂ ತಿಂದಿಲ್ಲ ಹಿರಿಯರೇ. ಇದ್ದದ್ದು ಒಂದು ವಿಮಾನ, ನಾವು ವಿಚಾರಿಸಿದ್ದು ಎರಡು ಊರಲ್ಲಿ. ವಿಮಾನ ನೆಲದ ಮೇಲೆ ನಿಂತ್ರೂ ಖರ್ಚು, ಖಾಲಿ ಹಾರಿದ್ರೂ ಖರ್ಚು. ಹೋಗೋವಾಗ ತುಂಬಿದ್ರೆ ಸಾಲದು, ಬರೋವಾಗ್ಲೂ ತುಂಬಬೇಕು. ಬೇಸಿಗೇಲಿ ತುಂಬಿದ್ರೆ ಸಾಲದು, ಚಳಿಗಾಲಕ್ಕೂ ಜನ ಬೇಕು. ಎರಡು ದೇಶದ ಅನುಮತಿಯೂ ಸಿಕ್ಕಿತ್ತು. ಜನ ಸಿಗಲಿಲ್ಲ.”

“ಜನ ಇಲ್ವಾ? ನಮ್ಮ ಕೇರಿ ಒಂದರಲ್ಲೇ...” ಅಬ್ದುಮುತಾಲ್ ತಡೆದು ನಿಂತ.

“ನಿಮ್ಮ ಕೇರಿ ಸೊನ್ನೆ. ನೀವೇ ಹೇಳಿದ್ದು. ಪಕ್ಕದ ಕೇರೀನೂ ಸೊನ್ನೆ, ಅದರಾಚೆಯದ್ದೂ ಸೊನ್ನೆ. ವಿಮಾನ ಸಿಕ್ಕ ಊರಲ್ಲಿ ಹೆಂಗಸರು ಫೋಟೋ ತಂದು ತೋರಿಸಿದ್ರು. ಯಾರ ಮಗ ಯಾವ ತಿಂಗಳು ಬರ್ತಾನೆ ಅಂತ ಜಗಳ ಆಡ್ಕೊಂಡು ಹೇಳಿದ್ರು.”

“ಟಿಕೆಟ್ ನೋಡಿದ್ರೆ ನಿಮಗೇ ಗೊತ್ತಾಗ್ತಿತ್ತಲ್ಲ?”

“ನಿಮ್ಮೋರೆಲ್ಲ ರಾಜಧಾನಿಯಿಂದ ಹತ್ತುತ್ತಾರೆ. ಯಾವ ಕಣಿವೆಯಿಂದ ಬಂದ್ರು ಅಂತ ಟಿಕೆಟ್ ಮೇಲೆ ಇರಲ್ಲ. ಅದಕ್ಕೇ ಕೇಳೋಕೆ ಬಂದದ್ದು.”

ಅವನು ಕಿಟಕಿಯಾಚೆಯ ಖಾಲಿ ಓಡುದಾರಿಯತ್ತ ತಿರುಗಿದ. ವೆರಾ ಕೆಲಸ ನಿಲ್ಲಿಸಿ ಹೇಳಿದಳು: “ಚಳಿಗಾಲದ ವೇಳಾಪಟ್ಟಿ ಮಾಡೋದು ಶುಕ್ರವಾರ ಮುಗಿಯುತ್ತೆ. ಅಷ್ಟರಲ್ಲಿ ಕೇರಿ ಕೇರಿಯೋರು ಬಂದು ನಿಜ ಹೇಳಿದ್ರೆ, ವಾರಕ್ಕೊಂದು ಸಲ ಇಲ್ಲೂ ಇಳಿಸಿ ಅಂತ ಕೇಳಿ ನೋಡ್ತೀನಿ. ನೀವೊಬ್ರೇ ಬಂದ್ರೆ ಆಗಲ್ಲ.”

ಅಬ್ದುಮುತಾಲ್ ನೇರವಾಗಿ ಚಹಾದಂಗಡಿಗೆ ಬಂದು, ಕೂರದೆ, ಎಲ್ಲವನ್ನೂ ಹೇಳಿದ. ಶುಕ್ರವಾರದೊಳಗೆ ಮನೆಗೊಬ್ಬರು ಹೋಗಿ ತಮ್ಮವರು ಎಷ್ಟು ಮಂದಿಯೆಂದು ತಿಳಿಸಬೇಕೆಂದ.

“ಎಷ್ಟು ಕೊಟ್ರಣ್ಣಾ ನಿಮಗೆ?” ಎಂದು ಮೂಲೆಯಿಂದ ಒಂದು ಧ್ವನಿ ಬಂತು.

“ಯಾರು ಕೊಡ್ತಾರೋ ಮುಠ್ಠಾಳ!”

“ಬಯ್ಬೇಡಿ. ಏಪ್ರಿಲ್‌ನಲ್ಲಿ ಸೊನ್ನೆ ಅಂದದ್ದು ನೀವೇ, ಈಗ ಲೆಕ್ಕ ಕೊಡಿ ಅಂತಿರೋದೂ ನೀವೇ. ನಡುವೆ ಒಬ್ರೇ ಹೋಗಿ ಅವಳನ್ನ ನೋಡ್ಕೊಂಡು ಬಂದ್ರಿ. ನಾವೇನಂತ ತಿಳ್ಕೊಳ್ಳೋಣ?”

“ನನ್ನ ಮಗಳು ಸಿಯೋಲ್ ಹತ್ರ ಇದ್ದಾಳೆ,” ಎಂದ ಅಬ್ದುಮುತಾಲ್. ಮನೆಯ ಹೊರಗಿನವರೆದುರು ಅವನು ಈ ಮಾತನ್ನು ಆಡಿದ್ದು ಅದೇ ಮೊದಲು.

“ಇದ್ದಾಳೆ ಅಂತ ಇಲ್ಲಿ ಯಾರಿಗೆ ಗೊತ್ತಿಲ್ಲ ಅಣ್ಣಾ? ನೀವದನ್ನ ಬಾಯಿಬಿಟ್ಟು ಹೇಳ್ತಿದೀರಲ್ಲ, ಅದಕ್ಕೇ ನಮಗೆ ಭಯ.”

ನಗಲು ಯಾರಿಗೂ ಮನಸ್ಸಾಗಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋದೆವು.

ಶುಕ್ರವಾರ ವೆರಾಳ ಕೋಣೆಗೆ ಅವನೊಬ್ಬನೇ ಹೋಗಿ ಮಗಳ ಹೆಸರು ಕೊಟ್ಟು ಬಂದ. ರಾತ್ರಿಯೂಟಕ್ಕೆ ಮುನ್ನ ಹೆಂಡತಿಗೆ ಏಪ್ರಿಲ್‌ನಿಂದ ನಡೆದದ್ದನ್ನೆಲ್ಲ ತಿಳಿಸಿದ. ಹುರಿನಿಸೊ ರೊಟ್ಟಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಮಶ್‌ಹುರಾನ ಸೊನ್ನೆ ಅಂದ್ರಾ?”

ಮುರಿದ ರೊಟ್ಟಿಯನ್ನು ಅವನ ಮುಂದಿಟ್ಟು ಅವಳು ರಜಾಯಿ ಎತ್ತಿಕೊಂಡಳು.

ಚಳಿಗಾಲದ ವೇಳಾಪಟ್ಟಿಯಲ್ಲಿ ನಮ್ಮ ಪಟ್ಟಣ ಬರಲಿಲ್ಲ. ನವೆಂಬರ್ ನಡುವಿನಲ್ಲಿ, ಘಟ್ಟದ ಮೇಲೆ ಮೊದಲ ಹಿಮ ಬಿದ್ದ ವಾರ, ಹುರಿನಿಸೊ ಗಂಟು ಕಟ್ಟಿಕೊಂಡು ತೊಲಿಬನ ಕಾರಿನ ಬಳಿಗೆ ತಾನಾಗಿ ನಡೆದು ಬಂದಳು. ಅಬ್ದುಮುತಾಲ್ ಪೆಟ್ಟಿಗೆ ಹೊತ್ತು ಹಿಂದೆ ಬಂದ.

“ಏನಕ್ಕಾ, ನೀವು ಈ ಕಡೆ? ಎಲ್ಲಿಗೆ?” ಎಂದು ತೊಲಿಬ್ ಬೆರಗಾಗಿ ಕೇಳಿದ.

“ತಾಷ್ಕೆಂಟಿಗೆ. ನೆಂಟರ ಮನೆ,” ಎಂದ ಅಬ್ದುಮುತಾಲ್. ಮಾತು ತಾನಾಗಿ ಬಂದಿತ್ತು.

“ಸಿಯೋಲ್‌ಗೆ,” ಎಂದಳು ಹುರಿನಿಸೊ, ಗಂಡನತ್ತ ನೋಡದೆ. “ಮಗಳು ಹೆರೋಳಿದ್ದಾಳೆ. ಅಲ್ಲಿವರೆಗೂ ಹೋಗ್ತೀನಿ.”

ತೊಲಿಬ್ ಸುತ್ತಲೂ ಒಮ್ಮೆ ನೋಡಿ ಧ್ವನಿ ತಗ್ಗಿಸಿದ. “ನನ್ನ ಇಬ್ರೂ ಹುಡುಗರು ಅಲ್ಲೇ ಇದ್ದಾರೆ ಅಕ್ಕಾ. ಆ ಹುಡುಗಿ ನನ್ನನ್ನೂ ಕೇಳಿದ್ಳು. ಯಾರೂ ಇಲ್ಲ ಅಂದೆ.”

ಅಬ್ದುಮುತಾಲ್ ಪೆಟ್ಟಿಗೆಯನ್ನು ಹಿಂದಿನ ಸೀಟಿನ ಮೇಲಿಟ್ಟ. ಅವನ ಕೈಗಳಿಗೆ ಬೇರೆ ಕೆಲಸ ಉಳಿಯಲಿಲ್ಲ.

“ಘಟ್ಟದಲ್ಲಿ ನಿಧಾನವಾಗಿ ಹೋಗ್ತೀನಿ. ನೀವು ಕಣ್ಣು ಮುಚ್ಕೊಂಡಿರಿ,” ಎಂದ ತೊಲಿಬ್.

“ಮುಚ್ಚಲ್ಲ,” ಎಂದು ಹುರಿನಿಸೊ ಮುಂದಿನ ಸೀಟಿನಲ್ಲಿ ಕುಳಿತಳು. “ತಂಗಿ ಹೋದ ತಿರುವು ಬಂದಾಗ ಹೇಳು. ನೋಡ್ಬೇಕು.”