ಕೊಂಡಮ್ಮನ ಪಾರ್ಟು

ಆ ಮಾತೊಂದು ಯಾರ ಬಾಯಿಂದಲೂ ಹೊರಡಲೊಲ್ಲದು. ನೊಂದವರನ್ನು ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಿ, ಕೇಳಿದರೆ ಏನೂ ಕೆಡುವುದಿಲ್ಲ ಎಂದು ತರಬೇತಿ ಕೊಡಲು ಬೆಂಗಳೂರಿನಿಂದ ಬಂದಿದ್ದ ಮಧುಸೂದನ್ ಹೇಳಿ ಹೇಳಿ ಸೋತಿದ್ದ. ಚಿಂತಾಮಣಿಯ ಆಸ್ಪತ್ರೆಯ ಮಹಡಿಯಲ್ಲಿ ಸೇರಿದ್ದ ಆಶಾ ಕಾರ್ಯಕರ್ತೆಯರು, ಒಬ್ಬರು ರೋಗಿಯಾಗಿ ಒಬ್ಬರು ಕೇಳುವವರಾಗಿ ಪಾರ್ಟು ಮಾಡುತ್ತ, ಊಟ ಆಯಿತಾ, ನಿದ್ದೆ ಬರುತ್ತಾ ಎಂದು ಸುತ್ತಿ ಬಳಸಿ, ಅಸಲು ಪ್ರಶ್ನೆ ಬಂದಾಗ ಬಿಡ್ತು ಬಿಡ್ತು ಎಂದು ಕೆನ್ನೆ ಬಡಿದುಕೊಂಡು ನಗುತ್ತಿದ್ದರು.

ಲಾವಣ್ಯಳಿಗೆ ಕೇಳುವ ಸರದಿ ಬಂದಾಗ ರೋಗಿಯ ಪಾರ್ಟಿಗೆ ಕೊಂಡಮ್ಮ ತಾನಾಗಿ ಎದ್ದು ಬಂದಳು. ಅಂಬಾಜಿದುರ್ಗದ ಕಡೆಯ ಕೊಂಡಮ್ಮ ಇದ್ದಲ್ಲಿ ನಗುವಿಗೆ ಬರವಿಲ್ಲ. ಲಾವಣ್ಯಳಿಗೆ ಈ ಕೆಲಸ ಕಲಿಸಿದವಳೂ ಅವಳೇ. ಹೋದ ವರ್ಷ ಮಗ ಅಂಬರೀಶ ಬೈಕಿನಿಂದ ಬಿದ್ದು ತೀರಿಕೊಂಡಾಗ, ತಿಥಿ ಮುಗಿಸಿದವಳೇ ಪೋಲಿಯೋ ಹನಿ ಹಾಕಲು ಹೊರಟಿದ್ದಳು. ಎಂಥ ಗಟ್ಟಿ ಹೆಂಗಸು ಎಂದು ಎಲ್ಲರೂ ಹೊಗಳಿದ್ದರು, ಲಾವಣ್ಯಳೂ.

ಕೊಂಡಮ್ಮ ಸೆರಗನ್ನು ಮುಖಕ್ಕೆಳೆದುಕೊಂಡು, ಇಲ್ಲದ ಅತ್ತೆಯನ್ನು ಅಚ್ಚ ಕನ್ನಡದಲ್ಲಿ ಬೈಯುತ್ತ ಗೊಳೋ ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಲಾವಣ್ಯ ನಗುತ್ತಲೇ ಕೇಳಿಬಿಟ್ಟಳು: "ಅಕ್ಕಾ, ಸಾಯ್ಬೇಕು ಅನ್ನಿಸ್ತೈತಾ?"

"ಅನಿಪಿಸ್ತಾದಮ್ಮಾ," ಎಂದಳು ಕೊಂಡಮ್ಮ ಮೆಲ್ಲಗೆ, ತನ್ನ ಮನೆಯ ತೆಲುಗಿನಲ್ಲಿ. "ದಿನಾಮೂ."

ಅನ್ನಿಸುತ್ತದೆ, ದಿನಾ. ನಗುವಿನ ಗದ್ದಲದಲ್ಲಿ ಬೇರೆಯವರಿಗೆ ಕೇಳಿಸಲಿಲ್ಲ. ತೆಲುಗು ಬಾರದ ಮಧುಸೂದನ್ ಚಪ್ಪಾಳೆ ತಟ್ಟಿದ. ತೆಲುಗು ಬಲ್ಲ ಲಾವಣ್ಯಳಿಗೆ ಅರ್ಥವಾಯಿತು. ಪಾರ್ಟು ಕನ್ನಡದಲ್ಲೇ ಮುಗಿದುಹೋಗಿತ್ತು. ಇದು ಕೊಂಡಮ್ಮನ ಸ್ವಂತ ಮಾತು. ಬೆಳಗಿನಿಂದ ಕಲಿತದ್ದೆಲ್ಲ ಮರೆತು, ಒಂಟಿಯಾಗಿ ಬಿಡಬಾರದು ಎನ್ನುವುದೊಂದೇ ಲಾವಣ್ಯಳ ನೆನಪಿಗೆ ಬಂತು. ಕೊಂಡಮ್ಮ ಹೊರಗೆ ಹೋದಾಗ ಹಿಂದೆಯೇ ಹೋಗಿ, ಮೆಟ್ಟಿಲ ಬಳಿ ಕೈ ಹಿಡಿದು, ಅದೇ ಪ್ರಶ್ನೆಯನ್ನು ತೆಲುಗಿನಲ್ಲಿ ಮತ್ತೆ ಕೇಳಿದಳು. ಕೊಂಡಮ್ಮ ಅಲ್ಲೇ ಕುಸಿದು ಕೂತು, ಅಂಬರೀಶನ ಹೆಸರು ಹಿಡಿದು ಅತ್ತಳು.

ಕೆಳಗೇ ಮನಸ್ಸಿನ ಡಾಕ್ಟರಿದ್ದರು. ಹೋಗೋಣ ಎಂದರೆ ಕೊಂಡಮ್ಮ ಒಪ್ಪಲಿಲ್ಲ. ಹೆರಿಗೆಗೆಂದು, ಜ್ವರಕ್ಕೆಂದು ಊರಿನ ಅರ್ಧ ಹೆಂಗಸರನ್ನು ಇಲ್ಲಿಗೆ ಕರೆತಂದವಳು ಅವಳು. ಇಲ್ಲಿ ಅವಳ ಗುರುತಿಲ್ಲದವರು ಯಾರು? ಲಾವಣ್ಯ ವಾದಕ್ಕೆ ಹೋಗಲಿಲ್ಲ, ಹಿಡಿದ ಕೈಯನ್ನೂ ಬಿಡಲಿಲ್ಲ. ಬಹಳ ಹೊತ್ತಾದ ಮೇಲೆ ಕೊಂಡಮ್ಮನೇ ಎದ್ದಳು.

ಕೆಳಗೆ ಕೌಂಟರಿನಲ್ಲಿ ಚೀಟಿ ಬರೆಯುವ ಹುಡುಗಿ ತಲೆಯೆತ್ತಿ ನೋಡಿ, "ಇವತ್ಯಾರ್ನ ಕರ್ಕೊಂಡ್ ಬಂದ್ರಿ ಕೊಂಡಮ್ಮಾ?" ಎಂದಳು.

ಲಾವಣ್ಯ ಬಾಯಿ ತೆರೆಯುವಷ್ಟರಲ್ಲಿ ಕೊಂಡಮ್ಮ ಕಣ್ಣೊರೆಸಿಕೊಂಡಳು.

"ಇವತ್ತು ಇವ್ಳು ನನ್ನ ಕರ್ಕೊಂಡ್ ಬಂದವ್ಳೆ ಕಣಮ್ಮ. ಹೆಸರು ನಿಂಗೆ ಗೊತ್ತಲ್ಲ, ಬರ್ಕೊ."