ಐತನ ಓರೆ ಹಲ್ಲು

ಹ್ವಾಯ್, ವಾಟ್ಸಾಪ್ ಗ್ರೂಪಿನಲ್ಲಿ "ಅಜ್ಜಯ್ಯಂಗೆ ಅರಳು ಮರಳು" ಎಂದು ಬರೆದದ್ದು ಯಾರು? ಪೂಜಿತಾ, ನೀನೇ ಅಲ್ಲವಾ? ನಿನ್ನ ಅಮ್ಮನ ಬಾಣಂತನಕ್ಕೆ ಯಾವ ಮೀನು ತಂದರು ಎಂದು ಬೇಕಾದರೂ ಹೇಳುತ್ತೇನೆ ಕೇಳು. ಕಿವಿ ಮಂದವಾಗಿದೆ, ಹೌದು. ನೆನಪಿಗೆ ಎಂತದೂ ಆಗಿಲ್ಲ. ಕುಂದಾಪುರದ ಮೀನು ಮಾರ್ಕೆಟಿನ ಎದುರು ಇಡೀ ಆಯುಷ್ಯ ಚಾ ಮಾಡಿದ ಹಿರಿಯಣ್ಣ ನಾನು. ಸೀತುವಿನ ಗಂಡ ಐತ ಹೆಂಡತಿಯನ್ನು ಬಿಟ್ಟು ಓಡಿಹೋದ ಎಂದು ನೀವೆಲ್ಲ ಕೇಳಿದ್ದೀರಿ. ಅದು ಸುಳ್ಳು. ನಡುವೆ ಬಾಯಿ ಹಾಕದೆ ಕೇಳಿ.

ತೊಂಬತ್ತೆಂಟರ ಮಾತು. ಐತ ಸಣ್ಣ ದೋಣಿಯಲ್ಲಿ ಹೊಳೆ ಕಡಲು ಸೇರುವ ಹೊಳೆಬಾಗಿಲಲ್ಲಿ ಬಲೆ ಬಿಡುವವ. ಸೀತು ಬುಟ್ಟಿ ಹೊತ್ತು ಬಸ್ಸಿನಲ್ಲಿ ಊರೂರು ಮೀನು ಮಾರುವವಳು. ವಸಡು ಹಾಳಾಗಿ ಐತನ ಮೇಲಿನ ಹಲ್ಲನ್ನೆಲ್ಲ ಕೀಳಬೇಕಾಯಿತು. ಹಲ್ಲಿನ ಶ್ರೀಕರ ಡಾಕ್ಟ್ರು ಹೊಸ ಹಲ್ಲಿನ ಸೆಟ್ ಕಟ್ಟಿಕೊಡುತ್ತೇನೆ ಎಂದರು. ಬಿರುಗಾಳಿಗೆ ಹೆದರದ ಐತನಿಗೆ ಡಾಕ್ಟ್ರ ಕುರ್ಚಿ ಎಂದರೆ ಭಯ. ಹೆಂಡತಿಯ ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದ.

ಆವತ್ತು ಹಲ್ಲುಗಳು ಇನ್ನೂ ಮೇಣದಲ್ಲಿದ್ದವು, ಬಾಯಿಗಿಟ್ಟು ನೋಡುವುದಕ್ಕೆ. ಐತ ಹಲ್ಲು ಬಿಟ್ಟ. ಕ್ಯಾಲೆಂಡರಿನ ದೇವರ ಹಾಗೆ ಸಾಲು ಹಲ್ಲು. ಸೀತು ಮುಖ ತಿರುಗಿಸಿದಳು.

"ಇದ್ ಯಾರ್ ಮರಾಯ್ರೆ? ನಂಗ್ ಗುರ್ತ ಇಲ್ಲ. ಡಾಕ್ಟ್ರೇ, ಇವ್ರ್ ಎಡದ್ ಬದಿ ಒಂದ್ ಹಲ್ಲ್ ಓರೆ ಇದ್ದಿತ್. ಮದಿ ಮಂಟಪದಲ್ಲೂ ಹಾಂಗೇ ಇದ್ದಿತ್. ಅದನ್ನ್ ಹಾಂಗೇ ಮಾಡಿ."

"ಜನ ಓರೆ ಇದ್ದದ್ದನ್ನು ನೇರ ಮಾಡಿ ಅಂತಾರೆ, ಸೀತಕ್ಕ," ಡಾಕ್ಟ್ರು ನಕ್ಕರು.

"ಇವ್ಳಿಗ್ ನಾ ಚಂದ ಕಾಂಬುದ್ ಬ್ಯಾಡ, ಕಾಣಿ," ಎಂದ ಐತ.

"ಚಂದ ಇದ್ರೆ ಯಾರಾರೂ ಹೊತ್ಕಂಡ್ ಹೋತ್ರ್!"

ಡಾಕ್ಟ್ರು ಆ ಹಲ್ಲನ್ನು ಮೇಣದಲ್ಲೇ ಸ್ವಲ್ಪ ತಿರುಗಿಸಿದರು. "ಈಗಲೇ ಸರಿಯಾಗಿ ನೋಡಿಕೊಳ್ಳಿ. ಆಮೇಲೆ ಅಕ್ರಿಲಿಕ್ಕಿನ ಪುಡಿ ಕಲಸಿ ಅಚ್ಚಿಗೆ ತುಂಬಿ ಬೇಯಿಸ್ತೇವೆ. ಬೆಂದ ಮೇಲೆ ಇದು ಹೀಗೇ, ಅಲ್ಲಾಡುವುದಿಲ್ಲ."

"ಕಡುಬ್ ಬೇಯ್ಸಿದ್ ಹಾಂಗೆ," ಎಂದಳು ಸೀತು.

ಸೆಟ್ ಕೊಡುವಾಗ ಡಾಕ್ಟ್ರು ಅವಳಿಗೇ ಹೇಳಿದ್ದು: ಬಾಯಿಂದ ತೆಗೆದರೆ ತಣ್ಣೀರಲ್ಲಿ ಇಡಬೇಕು, ಒಣಗಿದರೆ ಆಕಾರ ಕೆಡುತ್ತದೆ. ಅವಳು ಅದನ್ನು ದೇವರ ಮಾತಿನ ಹಾಗೆ ಹಿಡಿದಳು. ಒಂದು ಸ್ಟೀಲ್ ಲೋಟ ಅದಕ್ಕೆಂದೇ ಬೇರೆ ಇಟ್ಟಳು.

ಮೂರು ವರ್ಷದ ಮೇಲೆ, ಮಳೆ ಬಿಟ್ಟ ಹೊಸದರಲ್ಲಿ, ಬೆಳಿಗ್ಗೆ ಹೋದ ಐತ ಮಧ್ಯಾಹ್ನ ಬರಲಿಲ್ಲ. ದೋಣಿ ಹೊಳೆಬಾಗಿಲ ಬದಿಯ ಕೋಡಿ ಊರಿನ ದಡದಲ್ಲಿ ಗೂಟಕ್ಕೆ ಕಟ್ಟಿಯೇ ಇತ್ತು. ಬಲೆ ಇಲ್ಲ, ಐತ ಇಲ್ಲ. ಹುಡುಕಿದರು, ಹೆಣ ಸಿಗಲಿಲ್ಲ. ಕಟ್ಟಿದ ದೋಣಿಯಿಂದ ಮನುಷ್ಯ ಹೇಗೆ ಮುಳುಗುತ್ತಾನೆ? ಬಲೆ ಮಾರಿ ಎಲ್ಲೋ ಹೋದ ಎಂದು ಊರು ಮಾತಾಡಿತು. ಸೀತು ಅನ್ನ ಬಿಟ್ಟಳು. ಗೋಡೆಗೆ ಒರಗಿ ಕುಳಿತವಳು ಏಳಲಿಲ್ಲ.

ಆಗ ಐತನ ಚಿಕ್ಕಪ್ಪನ ಮಗ ದೇವು ರತ್ನಾಗಿರಿಯಿಂದ ಬಂದ. "ಅತ್ಗೆ, ಅಣ್ಣನ್ನ ರತ್ನಾಗಿರಿ ಬಂದರಲ್ಲ್ ಕಂಡೆ. ಬೋಟಲ್ಲ್ ಅಡ್ಗಿ ಮಾಡ್ಕಂಡಿದ್ದ. ಮಾತಾಡ್ಸ್ರೆ ಮೋರೆ ತಿರ್ಗ್ಸಿದ."

ಸೀತು ಎದ್ದು ಕುಳಿತಳು. ಗಂಜಿ ಕೇಳಿದಳು. ಉಂಡು ಮುಗಿಸಿ ಬೈಯಲು ಶುರುಮಾಡಿದಳು. ಆರು ವರ್ಷ ಬೈದಳು! ಬಾರ್ಕೂರಿನ ಅಂಗಳದಲ್ಲಿ ಬೈದಳು, ಸಿದ್ದಾಪುರದ ಬಸ್ಸಿನಲ್ಲಿ ಬೈದಳು, ಬೈಂದೂರಿನಲ್ಲಿ ಬಂಗುಡೆ ಎಣಿಸುತ್ತ ಬೈದಳು. "ಆ ಹಾಳಾದವ ಅಲ್ಲ್ ಯಾರದ್ದೋ ಕೈಯಡ್ಗಿ ಉಣ್ತಾ ಇತ್ತ. ನಾ ಮಾಡ್ಸಿ ಕೊಟ್ಟ್ ಹಲ್ಲಲ್ಲೇ ಅಗಿತ." ಹಣೆಯಲ್ಲಿ ಕುಂಕುಮ, ಕೈತುಂಬ ಬಳೆ. ಬದುಕಿರುವ ಗಂಡನನ್ನು ಬೈಯುವ ಹೆಂಗಸಿಗೆ ಎಂತ ಶಕ್ತಿ ಎಂದು ನಿಮಗೆ ಗೊತ್ತಿಲ್ಲ.

ಆರು ವರ್ಷ ಕಳೆದು ಒಂದು ದಿನ ನಮ್ಮೂರ ಹುಡುಗ ಸೂರ, ನೀರು ಇಳಿದ ಹೊತ್ತಿಗೆ ಐತನ ದೋಣಿ ಕಟ್ಟಿದ್ದ ಗೂಟದ ಹತ್ತಿರವೇ ಹೊಳೆಯಲ್ಲಿ ಚಿಪ್ಪಿ ಹೆಕ್ಕಲು ಮುಳುಗಿದವ, ಚಿಪ್ಪಿಯ ಜೊತೆ ಒಂದು ಗುಲಾಬಿ ತುಂಡು ತಂದ. ಸೀದಾ ಮಾರ್ಕೆಟಿಗೆ ಬಂದು ಎತ್ತಿ ಹಿಡಿದ.

"ಯಾರ್ ಬಾಯಿ ಬಿದ್ ಹೋಯ್ತ್ ಮರಾಯ್ರೆ? ಹೊಳಿ ನೆಗಾಡ್ತಾ ಇತ್ತ್ ಕಾಣಿ!"

ಎಲ್ಲರೂ ನಕ್ಕರು. ನಾನೂ ಚಾದ ಪಾತ್ರೆ ಹಿಡಿದು ನಗುತ್ತ ನಿಂತಿದ್ದೆ. ಸೀತು ಕೈ ಚಾಚಿದಳು. ಸೆಟ್ಟಿನ ಮೇಲೆ ಅಲ್ಲಲ್ಲಿ ಬಿಳೀ ಸುಣ್ಣದ ಹಾಗೆ ಚಿಪ್ಪುಹುಳ ಕಟ್ಟಿತ್ತು. ಮೀನಿನ ಕತ್ತಿಯಲ್ಲಿ ಮೆಲ್ಲಗೆ ಕೆರೆದಳು. ಒಳಗಿನ ಗುಲಾಬಿ ಹಾಗೇ ಇತ್ತು. ಉಪ್ಪು ನೀರು ಅದನ್ನು ತಿಂದಿರಲಿಲ್ಲ. ಎಡಬದಿಗೆ ಹೆಬ್ಬೆರಳು ಇಟ್ಟಳು. ಬೆರಳು ಓರೆ ಹಲ್ಲಿನ ಮೇಲೆ ನಿಂತಿತು.

ಮಾರ್ಕೆಟಿನ ಗೋಡೆ ಗಡಿಯಾರದ ಕೆಳಗೆ ನಿಂತಿದ್ದ ದೇವುವನ್ನು ನೋಡಿದಳು; ಅವನು ಆಗ ಊರಿಗೇ ಬಂದು ಸೇರಿದ್ದ. "ದೇವು, ನೀ ರತ್ನಾಗಿರಿಯಲ್ಲ್ ಕಂಡದ್ ಯಾರ್ನ?"

ದೇವು ಬಂದು ಅವಳ ಬುಟ್ಟಿಯ ಎದುರು ಕುಕ್ಕರುಗಾಲಲ್ಲಿ ಕುಳಿತ. "ಯಾರ್ನೂ ಕಾಣ್ಲಿಲ್ಲ, ಅತ್ಗೆ. ನೀವ್ ಸಾಯ್ತಿದ್ರಿ. ಅನ್ನ ಉಂಬುಕೆ ಒಂದ್ ಮಾತ್ ಹೇಳ್ದೆ."

ಅವಳು ಅವನನ್ನು ಬೈಯಲಿಲ್ಲ. ಬೈಗುಳವೆಲ್ಲ ಖರ್ಚಾಗಿತ್ತು. "ಕೂಗ್ರೆ ಕೇಂಬಷ್ಟ್ ಹತ್ರ ಇದ್ದಿದ್ರ್," ಎಂದಳು. "ನಾ ಸತ್ತವ್ರಿಗ್ ಬೈದ್ನಲೆ, ಹಿರಿಯಣ್ಣ."

ದೋಣಿ ಕಟ್ಟಿ ಬಲೆ ಹಿಡಿದು ನೀರಿಗೆ ಇಳಿದವನನ್ನು ಸೆಳೆತ ಎಳೆದಿರಬೇಕು ಎಂದರು ಎಲ್ಲರೂ. ಐತನ ಲುಂಗಿ ಇಟ್ಟು ಕ್ರಿಯೆ ಮಾಡಿದರು. ಹಲ್ಲನ್ನೂ ಬೆಂಕಿಗೆ ಹಾಕಲು ಹೇಳಿದರು, ಕೊಡಲಿಲ್ಲ. ಮತ್ತೆ ಅವಳು ಬುಟ್ಟಿ ಇಲ್ಲದೆ ಬಸ್ಸು ಹತ್ತಿದಳು. ಮೀನು ಕೊಟ್ಟ ಒಂದೊಂದು ಮನೆಯ ಎದುರು ಬೋಳು ಹಣೆಯಲ್ಲಿ ನಿಂತು ಹೇಳಿದಳು: "ನಮ್ಮನಿಯವ್ರ್ ಓಡಿ ಹೋಯ್ಲಿಲ್ಲ. ನಾ ಹೇಳಿದ್ ಸುಳ್ಳ್." ಕೆಲವರು ಮುಂಬಯಿ ಸೇರಿದ್ದರು, ಕೆಲವು ಮನೆಗೆ ಬೀಗ. ಅಷ್ಟರಲ್ಲಿ ಅವಳ ಕಾಲು ಸೋತಿತು.

ನಿನ್ನೆ ಹೋಗಿದ್ದೆ. ಜಗಲಿಯಲ್ಲಿ ಕುಳಿತು, ಹಲ್ಲು ಇಟ್ಟ ಆ ಸ್ಟೀಲ್ ಲೋಟದ ನೀರು ಚೆಲ್ಲಿ ಬಾವಿಯ ಹೊಸ ನೀರು ತುಂಬುತ್ತಿದ್ದಳು. "ಉಪ್ಪ್ ನೀರ್ ಸಾಕ್ ಅವ್ರಿಗೆ," ಎಂದಳು. ಆಮೇಲೆ, "ಬೈಂದೂರ್ ಬದಿ ಸುಮಾರ್ ಮನಿ ಬಾಕಿ ಉಳ್ದಿತ್," ಎಂದಳು.

ಹಾಗಾಗಿ ಬೈಂದೂರಿನವರು ಬೈಂದೂರಿನ ಗ್ರೂಪಿಗೆ ಇದನ್ನು ಕಳಿಸಿ. ಮುಂಬಯಿಯಲ್ಲಿರುವವರಿಗೂ ಕಳಿಸಿ. ಅವಳ ಕೈಯಿಂದ ಮೀನು ಕೊಂಡವರು ಯಾರಿದ್ದರೂ ಕೇಳಿಸಿ. ಐತ ಎಲ್ಲಿಗೂ ಹೋಗಿರಲಿಲ್ಲ.