ಪಟ್ಟೆಹುಳದ ತಿಮ್ಮರಾಯಪ್ಪ

೧೯೫೮ನೆಯ ಇಸವಿ ನವೆಂಬರ್ ಇಪ್ಪತ್ತಮೂರು, ಭಾನುವಾರ. ಶರದೃತುವಿನ ಕೊನೆ, ಹಿಂದಿನ ದಿನದ ತುಂತುರು ನಿಂತು ಕನಕಪುರ ರಸ್ತೆಯ ಮೇಲೆ ಮಂಜು ಮೊಳಕಾಲೆತ್ತರಕ್ಕೆ ಹಾಸಿತ್ತು. ನಾನು ಜಯನಗರದಿಂದ ನಡೆದು ಜರಗನಹಳ್ಳಿಯ ಅವರೆ ಹೊಲಗಳ ಅಂಚಿಗೆ ಬಂದಾಗ, ತೋಳುಗಳೆರಡನ್ನೂ ಮೈಗೆ ತಾಗಿಸದೆ, ಕೈಗಳಲ್ಲಿ ತುಂಬಿದ ಕೊಡಗಳಿದ್ದವನಂತೆ ದೂರ ಹಿಡಿದು ನಡೆಯುತ್ತಿದ್ದ ಆಕೃತಿಯೊಂದು ಆ ಮಂಜಿನೊಳಗೆ ಕಂಡಿತು. ಮುಖ ಕಾಣುವ ಮೊದಲೇ ತಿಮ್ಮರಾಯಪ್ಪನೆಂದು ತಿಳಿಯಿತು.

ಆತ ಬೋಳುತಲೆಗೆ ಎಣ್ಣೆ ಮಾರುವವನು. ಅವರೆಯ ಹೂ ತಿನ್ನಲು ಬರುವ, ಕಪ್ಪು ರೆಕ್ಕೆಯ ಮೇಲೆ ಕಿತ್ತಳೆ ಪಟ್ಟೆಯುಳ್ಳ ಹುಳುಗಳನ್ನು, ಇಬ್ಬನಿಯಿಂದ ತೊಯ್ದು ಹಾರಲಾರದೆ ಕುಳಿತ ಹೊತ್ತಿನಲ್ಲಿ ಆಯ್ದು, ಒಣಗಿಸಿ, ಪುಡಿಮಾಡಿ, ಅದರ ಲವಲೇಶವನ್ನು ಆ ಎಣ್ಣೆಗೆ ಸೇರಿಸುತ್ತಿದ್ದ. ಆ ಹುಳದ ರಸ ತಾಗಿದಲ್ಲಿ ಚರ್ಮ ಸುಟ್ಟಂತೆ ಗುಳ್ಳೆಯೇಳುತ್ತದೆ. ಆದಕಾರಣವೇ ಕಡುಬೇಸಗೆಯಲ್ಲೂ ಬೆರಳ ತುದಿಯವರೆಗೆ ತೋಳಿಳಿದ ಕಪ್ಪು ಉಣ್ಣೆಯ ಕೋಟು. ನಮಸ್ಕರಿಸುವಾಗಲೂ ಒಂದನ್ನೊಂದು ಮುಟ್ಟದ ಅಂಗೈಗಳು. ಸ್ವಂತ ಮೊಮ್ಮಗಳನ್ನೂ ಎತ್ತಿಕೊಳ್ಳದ ವ್ರತ. ಮಾತಿನಲ್ಲಿಯೂ ಅದೇ ಅಂತರ: ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ, ರೆಪ್ಪೆ ಮುಚ್ಚಿ, "ಮುಂದಿಂದು ಬೇಡ ಬಿಡಿ" ಎಂದುಬಿಡುತ್ತಿದ್ದ.

ತಲೆಯಲ್ಲಿ ಸತ್ತ ಕೂದಲ ಬೇರನ್ನು ಎಬ್ಬಿಸುವ ಹುಳು ಹೊಟ್ಟೆಗಿಳಿದರೆ ಮುದುಕನನ್ನೂ ಮದುಮಗನನ್ನಾಗಿ ಮಾಡುತ್ತದೆಂಬ ನಂಬಿಕೆ ಅರೆಕೆರೆಯವರೆಗೂ ಹಬ್ಬಿತ್ತು. ತಿಮ್ಮರಾಯಪ್ಪ ಅದನ್ನು ಯಾರಿಗೂ ತಿನ್ನಲು ಕೊಟ್ಟವನಲ್ಲ; ಆ ಮಾತು ಸುಳ್ಳೆಂದು ಹೇಳಿದವನೂ ಅಲ್ಲ.

ಆ ದಿನ ಬದುವಿನ ಮೇಲೆ ಹೊಲದೊಡೆಯ ಗಂಗಾಧರಯ್ಯನವರು ನಿಂತಿದ್ದರು. ಐವತ್ತು ದಾಟಿದ ಮೇಲೆ, ಸಂತಾನಾಪೇಕ್ಷೆಯಿಂದ, ಹಿಂದಿನ ವೈಶಾಖದಲ್ಲಿ ಮುನಿಲಕ್ಷ್ಮಮ್ಮನನ್ನು ಎರಡನೆಯ ಮದುವೆಯಾಗಿದ್ದವರು.

"ಏನ್ ತಿಮ್ರಾಯಣ್ಣ, ಹೊಲ ನಂದು, ಹುಳ ಮಾತ್ರ ನಿಂದಾ? ಒಂದ್ ಚಿಟಿಕೆ ಕೊಟ್ರೆ ಗಂಟೇನ್ ಹೋಗ್ತದೆ?"

"ತಲೆಗಾದ್ರೆ ಎಣ್ಣೆ ಕೊಡ್ತೀನಿ, ಯಜಮಾನ್ರೇ."

"ತಲೇಲಿ ಕೂದ್ಲು ಬೆಳೆಸ್ಕೊಂಡು ನಾನೇನ್ ಜಡೆ ಹಾಕ್ಕೊಳ್ಳಾ!"

ನಾನೂ ನಕ್ಕೆ. ನಕ್ಕು, "ನಿಜವಾಗಿ ಅದು ವಿಷವೇನಯ್ಯ?" ಎಂದು ಕೇಳಿದೆ.

ತಿಮ್ಮರಾಯಪ್ಪ ಗಂಗಾಧರಯ್ಯನವರನ್ನು ಅಡಿಯಿಂದ ಮುಡಿಯವರೆಗೆ ಅಳೆದು, "ತಡ್ಕೊಳ್ಳೋ ಗಂಡಸಾದ್ರೆ ಬೇರೆ ಮಾತು, ಸ್ವಾಮಿ. ಇವ್ರ ಕೈಲಿ ತಡೆಯೋಕಾಗಲ್ಲ. ಮುಂದಿಂದು ಬೇಡ ಬಿಡಿ" ಎಂದು ರೆಪ್ಪೆ ಮುಚ್ಚಿದ. ಗಂಗಾಧರಯ್ಯನವರ ನಗು ಮುಖದ ಮೇಲೆಯೇ ಹೆಪ್ಪುಗಟ್ಟಿತು.

ನವೆಂಬರ್ ಇಪ್ಪತ್ತೇಳು, ಗುರುವಾರ, ಗಂಗಾಧರಯ್ಯನವರು ತಾವೇ ಹೊಲಕ್ಕಿಳಿದು, ಟವಲಿನಲ್ಲಿ ಹುಳುಗಳನ್ನು ಹಿಡಿದು ತಂದು, ಹಾಲಿನಲ್ಲಿ ಕಲಸಿ ಕುಡಿದರು. "ಬಾಯೆಲ್ಲಾ ಬೆಂದೋಗಿತ್ತು ಸಾರ್," ಎಂದು ಮುನಿಲಕ್ಷ್ಮಮ್ಮ ಆಮೇಲೆ ನನ್ನೊಡನೆ ಹೇಳಿದಳು. "ನೀರು ನೀರು ಅಂತಿದ್ರು, ಕುಡಿಸಿದ್ರೆ ಕಿರುಚೋರು. ಒಂದಕ್ಕೆ ಹೋದ್ರೆ ಬರೀ ರಕ್ತ." ಜನ ಪೌರುಷವೆಂದು ಭ್ರಮಿಸುವುದು ಮೂತ್ರನಾಳವನ್ನು ಸುಡುತ್ತ ಹೊರಬೀಳುವ ವಿಷದ ಉರಿಯೂತವನ್ನೇ ಎಂದು ವೈದ್ಯರು ವಿವರಿಸಿದರು. ಮೂತ್ರಪಿಂಡಗಳು ಕೆಟ್ಟು, ನವೆಂಬರ್ ಮೂವತ್ತರಂದು ಗಂಗಾಧರಯ್ಯನವರು ತೀರಿಕೊಂಡರು.

ಭಯಂಕರವಾದದ್ದು ಆ ಸಾವಲ್ಲ, ಅದರ ಮರುವಾರ. ತಿಮ್ಮರಾಯಪ್ಪನ ಬಾಗಿಲಿಗೆ ಗಿರಾಕಿಗಳು ಹೆಚ್ಚಿದರು. ಮನುಷ್ಯನನ್ನೇ ಕೊಲ್ಲುವಷ್ಟು ಬಲ ಆ ಹುಳಕ್ಕಿದ್ದರೆ, ಅಳತೆ ಬಲ್ಲವನ ಕೈಯಲ್ಲಿ ಅದು ಏನು ತಾನೆ ಮಾಡದು ಎಂಬುದು ಅವರ ಲೆಕ್ಕ! ಮೊದಲ ಬಾರಿಗೆ ಆತ ವಾಕ್ಯವನ್ನು ಪೂರ್ತಿ ಮಾಡಿದ: "ಅದ್ರಲ್ಲಿ ಏನೂ ಇಲ್ಲ ಕಣ್ರಪ್ಪ, ಬರೀ ವಿಷ. ನಾನು ಸುಮ್ನೆ ದೊಡ್ಡಸ್ತಿಕೆಗೆ ಬಿಗೀತಿದ್ದೆ."

"ಗುಟ್ಟು ಬಿಡಲ್ಲ ನೋಡು ಮುದುಕ, ಭಾರಿ ಆಸಾಮಿ!" ಎಂದು ಅವರು ಕಣ್ಣು ಮಿಟುಕಿಸಿದರು. ಆತ ಕೋಟಿನ ತೋಳು ಮಡಿಸಿ, ಗುಳ್ಳೆಯೊಡೆದು ಸುಕ್ಕಿದ ಬೆರಳುಗಳನ್ನು ತೋರಿಸಿದ. ಅವರು ಅವನ್ನು ಭಕ್ತಿಯಿಂದ ನೋಡಿದರು.

ಭಯದ ನೆರಳಿನಲ್ಲಿ ತಮ್ಮ ಘನತೆಯನ್ನು ಬೆಳೆಸಿಕೊಳ್ಳುವವರು ಸಾಮಾನ್ಯವಾಗಿ ಸುಳ್ಳಾಡುವುದಿಲ್ಲ. ನಿಜದ ಅರ್ಧವನ್ನು ತುಟಿಯೊಳಗೇ ಉಳಿಸಿಕೊಳ್ಳುತ್ತಾರೆ. ಉಳಿದರ್ಧವನ್ನು ಕೇಳುಗರ ಆಸೆ ತುಂಬುತ್ತದೆ. ಹಾಗೆ ತುಂಬಿದ್ದನ್ನು ಮತ್ತೆ ಖಾಲಿ ಮಾಡುವುದು, ಹೇಳಿದವರ ಕೈಯಲ್ಲಿಯೂ ಇರುವುದಿಲ್ಲ.

೧೯೫೯ರ ಯುಗಾದಿಯ ವೇಳೆಗೆ ಆತ ಎಣ್ಣೆಯ ವ್ಯಾಪಾರವನ್ನು ಬಿಟ್ಟ. ೧೯೬೩ನೆಯ ಇಸವಿ ಜುಲೈ ಹದಿನಾರರಂದು ವಿಷಮಜ್ವರದಿಂದ ತೀರಿಕೊಂಡ. ಮೂರನೆಯ ದಿನ, ಹಾಲುತುಪ್ಪದ ಶಾಸ್ತ್ರ ನಡೆಯುತ್ತಿದ್ದಾಗ, ಅರೆಕೆರೆಯ ಕಡೆಯ ಇಬ್ಬರು ಬಂದು, ಹುಳದ ಪುಡಿಯ ಡಬ್ಬಿ ಎಲ್ಲಿದೆಯೆಂದು ಆತನ ಮಗಳು ಗೌರಮ್ಮನನ್ನು ಕೇಳಿದರು. ಇಲ್ಲವೆಂದಳು. ಅವರು ನಂಬಲಿಲ್ಲ.